ಮಳಖೇಡದ ಮದುವೆಯಲ್ಲಿ ನಾಲ್ಕನೆಯ ಪಂಕ್ತಿ

ರಾವೂರಿನ ಚಂದ್ರಾಮಪ್ಪ ದಂಡಿನ ಅಡಿಗೆಯವನಾಗಿ ಕೊರಿಯಾಕ್ಕೆ ಹೋಗಿ, ಐವತ್ನಾಲ್ಕನೆಯ ಇಸವಿಯಲ್ಲಿ ತಿರುಗಿ ಬಂದ. ಅಲ್ಲಿಯ ಮುದುಕ ವೈದ್ಯನೊಬ್ಬ ಅವನಿಗೆ ಕಲಿಸಿದ್ದು ಇಷ್ಟು: ಮನುಷ್ಯರ ಹೊಟ್ಟೆಯಲ್ಲಿ ನಾಲ್ಕು ತರಹ, ಒಬ್ಬನಿಗೆ ಹಿತವಾದ ಊಟ ಇನ್ನೊಬ್ಬನಿಗೆ ಒಗ್ಗುವುದಿಲ್ಲ. ತಣ್ಣನೆಯ ಹೊಟ್ಟೆಗೆ ಶುಂಠಿ, ಉರಿಯುವ ಹೊಟ್ಟೆಗೆ ಸೌತೆಕಾಯಿ, ಭಾರಿ ಮೈಯವರಿಗೆ ಮೂಲಂಗಿ. ನಾಲ್ಕನೆಯ ತರಹದವರು ಸಾವಿರಕ್ಕೊಬ್ಬರು. ಅವರಿಗೆ ಜಿಡ್ಡು, ಸಿಹಿ ಕೂಡದು, ಬರೀ ಸೊಪ್ಪು.

ಮಜ್ಜಿಗೆ ಬಿಡಿಸಿ ಶುಂಠಿ ಕಷಾಯ ಕುಡಿಸಿದ ಮೇಲೆ ಹೆಂಡತಿ ಮಾಳಮ್ಮನ ಹೊಟ್ಟೆನೋವು ನಿಂತಿತು. ಆ ಧೈರ್ಯದ ಮೇಲೆ ಅವನು ಮಳಖೇಡದ ಮದುವೆಯೊಂದರ ಅಡಿಗೆ ಒಪ್ಪಿಕೊಂಡ.

ಊಟದ ಹೊತ್ತಿಗೆ ನಾಲ್ಕು ತರಹದವರಿಗೆ ನಾಲ್ಕು ಚಾಪೆ ಹಾಸಿ, ಚಪ್ಪರದ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳತೊಡಗಿದ: "ಬೆವರು ಬಂದ್ರ ಹಗುರ ಅನಸ್ತದೋ, ಸುಸ್ತಾಗ್ತದೋ? ತಣ್ಣೀರು ಕುಡದ್ರ ಹೊಟ್ಟಿ ಕೆಡ್ತದೇನ್ರಿ?" ಮದುಮಗ ಸೌತೆಕಾಯಿ ಪಂಕ್ತಿಗೆ ಹೋದ, ಮದುಮಗಳು ಶುಂಠಿ ಪಂಕ್ತಿಗೆ. ನಾಲ್ಕನೆಯ ಚಾಪೆ ಖಾಲಿ ಉಳಿಯಿತು.

ಮದುಮಗನ ಸೋದರಮಾವ ನಾಗೇಂದ್ರಪ್ಪಗೌಡರು ಅದನ್ನೇ ನೋಡುತ್ತ ನಿಂತರು. ಅವರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು.

"ಅದು ಯಾರಿಗಿ?"

"ಸಾವಿರಕ್ಕ ಒಬ್ಬರು ಸಿಗತಾರ್ರಿ ಗೌಡ್ರ. ಇಲ್ಲಿ ಯಾರೂ ಇಲ್ಲ."

"ನಾ ಇದ್ದೀನಲ್ಲ."

"ನೀವು ಮೂಲಂಗಿಯವ್ರು ಅದೀರಿ."

"ನಮ್ಮ ಮನಿತನಕ್ಕ ಮೂಲಂಗಿ ಅಂತೀಯೇನಪಾ?" ಎಂದವರೇ ಚಾಪೆಯ ನಡುವೆ ಕುಳಿತರು.

ಬೀಗರ ಎದುರು ವಾದ ಬೇಡವೆಂದು ಚಂದ್ರಾಮಪ್ಪ ಸೊಪ್ಪಿನ ಬುಟ್ಟಿ ತರಿಸಿದ. ಗೌಡರ ಪತ್ರಾಳಿಗೆ ಪುಂಡಿಪಲ್ಯ, ರಾಜಗಿರಿ, ಹಸಿ ಮೆಂತ್ಯ ಬಿದ್ದವು. ಪಕ್ಕದ ಪಂಕ್ತಿಯ ಹೋಳಿಗೆ ತುಪ್ಪದ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಅವರು ಗತ್ತಿನಿಂದ ಅಗಿದರು. ಅದನ್ನು ಕಂಡ ಹೆಣ್ಣಿನ ತಂದೆ ಅಂಬಾರಾಯ, "ನಾವೇನು ಕಡಿಮಿ?" ಎಂದು ಹೋಳಿಗೆ ಬಿಟ್ಟೆದ್ದು ಬಂದು ಎದುರಿಗೆ ಕುಳಿತ. ಅವನ ಹಿಂದೆ ಅವನ ಅಣ್ಣತಮ್ಮಂದಿರು ಬಂದರು. ಅರ್ಧ ತಾಸಿನಲ್ಲಿ ನಾಲ್ಕನೆಯ ಪಂಕ್ತಿ ಚಪ್ಪರ ದಾಟಿ ಬಾವಿಯ ತನಕ ಬೆಳೆಯಿತು. ಸೊಪ್ಪು ಸಾಲದೆ ಹಿತ್ತಲಿನ ನುಗ್ಗೆಮರ ಬೋಳಾಯಿತು. ಹೋಳಿಗೆಯನ್ನು ಹೆಂಗಸರು ನಿಶ್ಚಿಂತೆಯಿಂದ ಉಂಡರು.

ಮೂರು ತಿಂಗಳಾದ ಮೇಲೆ ನಾಗೇಂದ್ರಪ್ಪಗೌಡರು ಒಬ್ಬರೇ ರಾವೂರಿಗೆ ಬಂದರು. ಊರ ಕಣ್ಣೆದುರು ಮಾತು ಉಳಿಸಿಕೊಳ್ಳಲು ಅಲ್ಲಿಯ ತನಕ ಸೊಪ್ಪು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಧೋತರ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ.

"ಹೊಟ್ಟಿ ತರಹ ಒಮ್ಮೊಮ್ಮಿ ಬದಲಾಗ್ತದೇನಪಾ?" ಎಂದು ಮೆಲ್ಲಗೆ ಕೇಳಿದರು.

ಹುಟ್ಟಿದ ತರಹ ಸಾಯುವ ತನಕ ಒಂದೇ ಎಂದು ಚಂದ್ರಾಮಪ್ಪ ಕಲಿತಿದ್ದ. ಆದರೂ ಅವರ ಹೊಟ್ಟೆ ಒತ್ತಿ ನೋಡಿ, ಕಣ್ಣು ಮುಚ್ಚಿ, "ನಿನ್ನೆ ರಾತ್ರಿನೇ ಬದಲಾಗ್ಯದ್ರಿ" ಎಂದ.

ಮಾಳಮ್ಮ ರೊಟ್ಟಿ ಬಡಿಯಲು ಕುಳಿತಳು. ಗೌಡರು ಹನ್ನೊಂದು ರೊಟ್ಟಿ ಉಂಡು, ಯಾರಿಗೂ ಹೇಳಬೇಡವೆಂದು ಕೇಳಿಕೊಂಡು ಹೋದರು.