ಮದ್ರಾಸಿನಿಂದ ಮುಕ್ಕಾಲು ಗಂಟೆ

೧೯೯೩ರ ಮಾತು. ಪಾಂಡವಪುರದ ನಮ್ಮ ಮನೆಗೆ ಆ ಭಾನುವಾರ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು. ಹುಡುಗನ ಊರು ಸಂತೆಬಾಚಹಳ್ಳಿ, ಕೆಲಸ ಮದ್ರಾಸಿನ ಒಂದು ಕಾರ್ಖಾನೆಯಲ್ಲಿ. ರಜೆ ಸಿಗದೆ ಆಗಲೇ ಎರಡು ಸಲ ತಪ್ಪಿಸಿಕೊಂಡಿದ್ದ. ಈ ಸಲವೂ ಬರದಿದ್ದರೆ ಸಂಬಂಧವೇ ಬೇಡ ಅಂತ ಅಪ್ಪ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಇನ್ನೂ ಹಾಲು ಕರೆಯುತ್ತಿದ್ದೆವು, ಎದುರುಮನೆಗೆ ಹುಡುಗನ ಫೋನು ಬಂತು. ಅಪ್ಪನೇ ಹೋಗಿ ಮಾತಾಡಿ, ಮುಖ ಊದಿಸಿಕೊಂಡು ವಾಪಸ್ಸು ಬಂದರು.

"ಇನ್ನೂ ಮದ್ರಾಸ್ನಲ್ಲೇ ಅವ್ನಂತೆ ಕಣಮ್ಮಿ! ಈಗ ವಿಮಾನ ಹತ್ತಿ ಊಟದೊತ್ಗೆ ಬತ್ತನಂತೆ. ಬೆಂಗ್ಳೂರ್ಗೆ ಬರೀ ಮುಕ್ಕಾಲು ಗಂಟೆಯಂತೆ!" ಅಂತ ಅವ್ವನ ಮುಂದೆ ಕೂಗಾಡಿದರು.

ಅಪ್ಪನಿಗೆ ದೂರ ಅಂದರೆ ಬಸ್ಸಿನ ಲೆಕ್ಕ. ನಮ್ಮೂರಿಂದ ಬೆಂಗಳೂರಿಗೆ ಹೋಗುವಷ್ಟರಲ್ಲೇ ಸೊಂಟ ಬಿದ್ದುಹೋಗುತ್ತಿತ್ತು. ಅಲ್ಲಿಂದ ಮದ್ರಾಸು ಅದರ ಎರಡು ಪಟ್ಟಿಗಿಂತ ದೂರ, ರೈಲಿಗೆ ಒಂದಿಡೀ ರಾತ್ರಿ ಬೇಕು. ಅಷ್ಟು ದೂರಕ್ಕೆ ಮುಕ್ಕಾಲೇ ಗಂಟೆ ಅಂದರೆ? ಪಿಯುಸಿ ಓದಿದ ನನ್ನ ತಲೆಗೂ ಅದು ಹೋಗಲಿಲ್ಲ.

ಹುಡುಗನ ತಾಯಿ ಮೊದಲೇ ಬಂದು ಕೂತಿದ್ದರು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಹುಡುಗನೂ ಚೀಲ ಹಿಡಿದು ಬಂದೇಬಿಟ್ಟ! ಅಪ್ಪನ ಅನುಮಾನ ಇನ್ನೂ ಜಾಸ್ತಿಯಾಯಿತು.

"ಏನಪ್ಪಾ, ಬೆಳಿಗ್ಗೆ ಎಲ್ಲಿಂದ ಫೋನ್ ಮಾಡ್ದೆ?"

ಹುಡುಗ ಸುಮ್ಮನೆ ನಕ್ಕ.

"ಬೆಂಗ್ಳೂರಲ್ಲೇ ಇದ್ಯಾ?"

ಹೂಂ ಅನ್ನುವ ಹಾಗೆ ತಲೆಯಾಡಿಸಿದ.

ಅಪ್ಪ ದಡದಡ ಅಡುಗೆಮನೆಗೆ ಬಂದರು. "ಒಪ್ಕೊಂಡ ಕಣಮ್ಮಿ! ಮದ್ರಾಸೂ ಇಲ್ಲ, ಕೆಲಸಾನೂ ಇಲ್ಲ. ಯಾರ ಕಿವಿ ಮ್ಯಾಲೆ ಹೂ ಮಡಗ್ತಾವ್ನೆ? ಉಣ್ಣಕ್ಕಿಕ್ಕಿ ಕಳಿಸ್ಬುಡು."

ನನಗೆ ದಿಕ್ಕೇ ತೋಚಲಿಲ್ಲ. ತಾಯಿ ನೋಡಿದರೆ ಮಗ ಮದ್ರಾಸಿನಿಂದಲೇ ಬಂದ ಅಂತ ಆಣೆ ಇಡುತ್ತಿದ್ದಾರೆ, ಮಗ ನೋಡಿದರೆ ಬೆಂಗಳೂರು ಅಂತ ತಲೆಯಾಡಿಸುತ್ತಾನೆ. ಯಾರನ್ನು ನಂಬುವುದು? ಫೋಟೋ ನೋಡಿದಾಗಲೇ ಹುಡುಗ ಹಿಡಿಸಿಬಿಟ್ಟಿದ್ದ. ಅದಕ್ಕೇ ಸಿಟ್ಟೂ ಜಾಸ್ತಿ ಬಂತು. ನಾಚಿಕೆ ಗೀಚಿಕೆ ಬಿಟ್ಟು ನೇರ ಹೋಗಿ ಎದುರಿಗೆ ನಿಂತೆ.

"ನಿಜ ಹೇಳಿ, ಎಲ್ಲಿಂದ ಬಂದ್ರಿ?"

ನನ್ನ ಸಿಟ್ಟಿನ ಮುಖ ನೋಡಿ ಹುಡುಗ ಗಾಬರಿಯಾದ. ಕಿವಿ ಮುಚ್ಚುವಂತೆ ಬಿಟ್ಟಿದ್ದ ಕೂದಲು ಸರಿಸಿ, ಎರಡೂ ಕಿವಿಯಿಂದ ಒಂದೊಂದು ಉಂಡೆ ಹತ್ತಿ ತೆಗೆದ!

"ಏನಂದ್ರಿ? ಏನೂ ಕೇಳಿಸ್ತಿರ್ಲಿಲ್ಲ. ವಿಮಾನದಲ್ಲಿ ಕಿವಿಗೆ ಮಡಿಕ್ಕೊಳ್ಳಿ ಅಂತ ಹತ್ತಿ ಕೊಟ್ರು. ತೆಗೀರಿ ಅಂತ ಯಾರೂ ಹೇಳ್ಲೇ ಇಲ್ಲ. ಬಸ್ಸಲ್ಲಿ ಕಂಡಕ್ಟ್ರು ಬೇರೆ ಬೋ ಬೈದ್ರು, ಯಾಕೆ ಅಂತ ಗೊತ್ತಾಗ್ಲಿಲ್ಲ."

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಅಪ್ಪ ಮಾತ್ರ ನಗಲಿಲ್ಲ.

"ಹತ್ತಿ ಅಂಗಡೀಲೂ ಸಿಕ್ತದೆ," ಅಂದರು.

ಅದೂ ನಿಜವೇ. ಆದರೆ ತೆಗೆಯಿರಿ ಅಂತ ಹೇಳಲಿಲ್ಲ ಅಂತ ಬೆಂಗಳೂರಿನಿಂದ ನಮ್ಮ ಬಾಗಿಲವರೆಗೂ ಹತ್ತಿ ಇಟ್ಟುಕೊಂಡು ಬಂದ ಮನುಷ್ಯನಿಗೆ ಸುಳ್ಳು ಹೇಳುವುದಕ್ಕೆ ಎಲ್ಲಿ ಬರಬೇಕು? ಅಪ್ಪನ ಕಡೆ ತಿರುಗಿದೆ.

"ಅಪ್ಪಾ, ನಂಗೆ ಒಪ್ಗೆ."

ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಅಪ್ಪ ಹಿತ್ತಲಿಗೆ ಕರೆದು ಪಿಸುಗುಟ್ಟುತ್ತಿದ್ದರು: "ನಿಜ ಹೇಳು ಮಗ, ಅವತ್ತು ಅವ್ನು ಬೆಂಗ್ಳೂರಲ್ಲೇ ಇದ್ನಾ?"

ನಾನೇನು ಹೇಳಲಿ? ನಾನೂ ಇದುವರೆಗೆ ವಿಮಾನ ಹತ್ತಿದವಳಲ್ಲ. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇವರು ಮಾತ್ರ ಅವತ್ತೇ ಅರ್ಥವಾಗಿಬಿಟ್ಟರು.