ಅವ್ವನ ಹೊಟ್ಟೆಯ ಗಂಟು

ಎಪ್ಪತ್ತರ ದಶಕದ ಕೊನೆ. ಅಪ್ಪ ಶಿರಹಟ್ಟಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ನಾನು ದಿನಾ ಬಸ್ಸಿನಲ್ಲಿ ಗದಗಿನ ಕಾಲೇಜಿಗೆ ಹೋಗಿಬರುವ ಮಗಳು. ನನ್ನ ಬಸ್ಸಿನ ಹೊತ್ತಿಗೆ ಬುಟ್ಟಿ ತುಂಬ ರೊಟ್ಟಿ ಬಡಿದಿಡುತ್ತಿದ್ದ ಅವ್ವ, ಆ ವರ್ಷ ಎರಡು ರೊಟ್ಟಿಗೇ ಏದುಸಿರು ಬಿಡತೊಡಗಿದಳು. ಮುಖ ಬಿಳಿಚಿಕೊಂಡಿತ್ತು. ಒಂದು ದಿನ ನನ್ನ ಕೈ ಹಿಡಿದು ಎದೆಗೂಡಿನ ಕೆಳಗೆ ಇಟ್ಟುಕೊಂಡಳು.

“ಇಲ್ಲೇನೋ ಗಂಟಾಗೇತಿ ನೋಡವಾ.”

ನಿಂಬೆಹಣ್ಣಿಗಿಂತ ದೊಡ್ಡದು, ಗಟ್ಟಿ.

ಗದಗಿನಲ್ಲಿ ಸುಣ್ಣದ ನೀರಿನಂಥ ಬಿಳಿ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು. ವೈದ್ಯರು ಅಪ್ಪನನ್ನೂ ನನ್ನನ್ನೂ ಹೊರಗೆ ಕರೆದು, “ಕ್ಯಾನ್ಸರ್ ಇದ್ದಂಗ ಕಾಣತೈತ್ರಿ ಮಾಸ್ತರ,” ಎಂದರು.

“ನಿಮ್ಮವ್ವಗ ಹೇಳಬ್ಯಾಡ,” ಎಂದ ಅಪ್ಪ. “ಹುಣ್ಣಾಗೇತಿ ಅನ್ನೂಣು.” ಆಮೇಲೆ ಅವ್ವನನ್ನು ಪೇಟೆಗೆ ಕರೆದೊಯ್ದು ಹಸಿರು ಬಳೆ ಇಡಿಸಿದ.

ಮನೆಗೆ ಬಂದು ಜೋಳ ಹಸನು ಮಾಡುತ್ತ ಅವ್ವ ಮೆಲ್ಲಗೆ ಹೇಳಿದಳು: “ಲಗ್ನ ಆದಾಗಿಂದ ನಿಮ್ಮಪ್ಪ ನನಗ ಬಳಿ ಇಡಿಸಿದ್ದು ಇದ ಮೊದಲು. ನನಗ ಎಲ್ಲಾ ತಿಳೀತು. ಅವರ ಮುಂದ ಅನ್ನಬ್ಯಾಡ. ಹೆದರತಾರ.”

ಇಬ್ಬರ ಗುಟ್ಟೂ ನನ್ನ ಹತ್ತಿರ. ಕೈ ನೋಯುತ್ತವೆಂದು ನೆವ ಹೇಳಿ ಅವ್ವ ಅಪ್ಪನಿಗೆ ರೊಟ್ಟಿ ಬಡಿಯಲು ಕಲಿಸಿದಳು. ಹಿಟ್ಟು ಮೆತ್ತಿದ ಅಂಗಿಯಲ್ಲೇ ಅಪ್ಪ ಶಾಲೆಗೆ ಹೋಗುತ್ತಿದ್ದ. ಒಲೆಯ ಮುಂದೆ ಇಬ್ಬರೂ ಅಷ್ಟು ಹತ್ತಿರ ಕೂತದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಯಾರೋ ಹೇಳಿದರೆಂದು ಬೆಟಗೇರಿಯ ಹಿರಿಯ ಸರ್ಜನ್ ಒಬ್ಬರ ಬಳಿಗೆ ಹೋದೆವು. ಅವರು ಅವ್ವನ ಹೊಟ್ಟೆ ಒತ್ತಿ ನೋಡಿದರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು.

“ಕ್ಯಾನ್ಸರ್ ಆದ್ರ ಅಂಚು ಬಹಳಮಟ್ಟಿಗೆ ಇಲಿ ಕಡದಂಗ ಇರತೈತಿ. ಇದು ಗುಂಡಗ, ನುಣ್ಣಗ ಐತಿ. ಹೊಟ್ಟಿ ಗ್ವಾಡಿಯೊಳಗ ಬೆಳಿಯೂ ಅಪರೂಪದ ಗಂಟು ಇರಬಹುದು. ಖಾತ್ರಿ ಕೊಡಾಕ ಆಗೂದಿಲ್ಲ. ತಗದು ಪರೀಕ್ಷಾ ಮಾಡಿದ ಮ್ಯಾಲೇ ಖರೆ ಗೊತ್ತಾಗೂದು.”

ಆ ಮಾತನ್ನು ಅವರು ಅವ್ವನ ಎದುರಿಗೇ ಆಡಿಬಿಟ್ಟಿದ್ದರು. ಅಪ್ಪ ಗಾಬರಿಯಿಂದ ಅವಳತ್ತ ನೋಡಿದ.

“ನನಗ ಮೊದಲ ಗೊತ್ತಿತ್ರಿ,” ಎಂದಳು ಅವ್ವ. “ನೀವು ಅಳಬ್ಯಾಡ್ರಿ ಈಗ.”

ಸರ್ಜನ್ ಗಂಟು ತೆಗೆದರು. ಅದನ್ನು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಅವ್ವ ಆಸ್ಪತ್ರೆಯ ಮಂಚದ ಮೇಲೆ ಪಕ್ಕದ ಹಾಸಿಗೆಯ ಮುದುಕಿಗೆ ಹೆರಳು ಹಾಕುತ್ತ ಕಾದಳು. ಅಪ್ಪ ವರಾಂಡದಲ್ಲಿ ಸುಮ್ಮನೆ ಅಡ್ಡಾಡುತ್ತ ಕಾದ.

ಒಂದು ಬೆಳಿಗ್ಗೆ ಸರ್ಜನ್ ತಾವೇ ವಾರ್ಡಿಗೆ ಬಂದರು. “ಕ್ಯಾನ್ಸರ್ ಅಲ್ರಿ ತಾಯಿ. ಸ್ನಾಯುವಿನ ಗಂಟು. ಪೂರಾ ತಗದೇವಿ.”

ಅಪ್ಪ ಗೋಡೆಗೆ ಮುಖ ಮಾಡಿ ನಿಂತ. ಅವ್ವ ಕೇಳಿದಳು: “ಹಂಗಾರ ಇನ್ನ ಖಾರ ತಿನ್ನಬಹುದೇನ್ರಿ?”

ಮನೆಗೆ ಮರಳುವ ಬಸ್ಸಿನಲ್ಲಿ ಮುಳಗುಂದ ದಾಟುತ್ತಲೇ ಅಪ್ಪ ಅವ್ವ ಇಬ್ಬರೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳಕ್ಕೆ ಬಿದ್ದರು. ಧೂಳು ಬರತೈತಿ ಅಂತ ಅವಳು, ಗಾಳಿ ಬೇಕು ಅಂತ ಅವನು. ತಿಂಗಳುಗಟ್ಟಲೆ ಕೇಳದಿದ್ದ ಆ ಜಗಳವನ್ನು, ಹಿಂದಿನ ಸೀಟಿನಲ್ಲಿ ಕೂತು, ಊರು ಬರುವತನಕ ಕಿವಿತುಂಬ ಕೇಳಿದೆ.