ತಂಬೂರಿಗೆ ತೂಗುಹಾಕಿದ ಅಂಗಿ

ಮೊದಲಿಗೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಮೂಲೆಯಲ್ಲಿ ನಿಂತಿರುವ ತಂಬೂರಿಯ ಬಿರಡೆಗೆ ನಾನು ಅಂಗಿ ತೂಗುಹಾಕುತ್ತೇನೆ. ಸಂಗೀತ ಕಲಿಸಿ ಹೊಟ್ಟೆ ಹೊರೆಯುವವನು ಮಾಡುವ ಕೆಲಸವಲ್ಲ ಇದು. ನನ್ನ ಗುರುಗಳು ಇದ್ದಿದ್ದರೆ ಅಂಗಿಯ ಜೊತೆಗೆ ನನ್ನನ್ನೂ ಅಲ್ಲೇ ತೂಗುಹಾಕುತ್ತಿದ್ದರು. ಆದರೆ ಏನು ಮಾಡಲಿ, ತಂಬೂರಿ ಮಾತು ಬಿಟ್ಟು ಒಂದು ವರ್ಷವಾಯಿತು. ಅದರ ಗವಸಣಿಗೆಯನ್ನು ಕತ್ತರಿಸಿ ನಮ್ಮ ಮನೆಯಾಕೆ ನನ್ನ ಟ್ಯಾಬಿಗೆ ಚೀಲ ಹೊಲಿದುಕೊಟ್ಟಿದ್ದಾಳೆ. ಅಣ್ಣನ ಅಂಗಿ ಹರಿದು ತಮ್ಮನಿಗೆ ಚಡ್ಡಿ ಹೊಲಿಸಿದ ಹಾಗೆ.

ನನ್ನ ವಾರ ಹೀಗಿದೆ. ಸೋಮವಾರ, ಶುಕ್ರವಾರ ಬೈಲಹೊಂಗಲದ ಮನೆಯಲ್ಲೇ ಪಾಠ. ಬುಧವಾರ ಕಿತ್ತೂರು, ಗುರುವಾರ ಸವದತ್ತಿ, ಶನಿವಾರ ರಾಮದುರ್ಗ. ಹಿಂದೆಲ್ಲ ಈ ಊರುಗಳಿಗೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪೇಟಿ, ಹೆಗಲ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ಅದಕ್ಕೊಂದು ಸೀಟು ಸಿಕ್ಕರೆ ನಾನು ನಿಂತಿರುತ್ತಿದ್ದೆ. ಕೊನೆಗೆ ನಡ ಕೈಕೊಟ್ಟಿತು. ಡಾಕ್ಟರು ಎಕ್ಸರೇ ನೋಡಿ, "ಮಾಸ್ತರ, ಇನ್ನ ಈ ಪೇಟಿ ಹೊತ್ರ, ನಿಮ್ಮನ್ನ ನಾಕ ಮಂದಿ ಹೊರಬೇಕಾಕ್ಕೈತಿ ನೋಡ್ರಿ" ಎಂದರು. ಆ ಮಾತಿಗೆ ಹೆದರಿ ಟ್ಯಾಬು ಕೊಂಡೆ.

ಕೊಂಡ ಮೇಲೆ ಅದರ ಗುಣಗಾನ ಮಾಡದ ಜಾಗವಿಲ್ಲ. ತಂಬೂರಿ ಅದರೊಳಗೆ, ತಬಲಾ ಅದರೊಳಗೆ, ಮೂವತ್ತು ವರ್ಷ ಹಾಡು, ಬಂದಿಶು ಬರೆದಿಟ್ಟ ವಹಿಗಳೆಲ್ಲ ಫೋಟೋ ಆಗಿ ಅದರೊಳಗೆ. ಅಷ್ಟೇ ಆಗಿದ್ದರೆ ಚೆನ್ನಿತ್ತು. ಬಸ್ಸಿನ ವೇಳೆ, ಕರೆಂಟಿನ ಬಿಲ್ಲು, ಹೊಲದ ಪಹಣಿ ಉತಾರ, ಮಳೆಯ ಮುನ್ಸೂಚನೆ, ಮೊಮ್ಮಗಳ ಹಲ್ಲು ಬಿದ್ದ ಫೋಟೋ, ಇವೂ ಅದರೊಳಗೇ. ಶಿಷ್ಯರು ಸಾ ಹಿಡಿದು ಕೂತಿರುವಾಗ ನನ್ನ ಬೆರಳು ತಾನಾಗಿ ಮಳೆಯ ಕಡೆಗೆ ಹೋಗುತ್ತದೆ. ಮಳೆ ಇಲ್ಲ ಎಂದು ಗೊತ್ತಾದ ಮೇಲೆ ಬಸ್ಸಿನ ಕಡೆಗೆ. ಬಸ್ಸು ಇದೆ ಎಂದು ಗೊತ್ತಾದ ಮೇಲೆ ಮತ್ತೆ ಮಳೆಯ ಕಡೆಗೆ. ಒಂದು ರಾಗವನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಕೆಮ್ಮಬೇಕಾಗುತ್ತದೆ. ಆಲಾಪದ ಅರ್ಧ ನಿಮಿಷ ಕೇಳುತ್ತೇನೆ, ಬೆರಳು ಮುಂದೆ ತಳ್ಳುತ್ತದೆ. ಕಿತ್ತೂರಿನಲ್ಲಿದ್ದಾಗ ಸವದತ್ತಿಯ ಚಿಂತೆ, ಸವದತ್ತಿಯಲ್ಲಿದ್ದಾಗ ರಾಮದುರ್ಗದ ಚಿಂತೆ. ರಾಮದುರ್ಗ ಮುಟ್ಟಿದ ಮೇಲೆ ಹಸಿವಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ಶಾಂತವ್ವನವರ ವಿಷಯಕ್ಕೆ ಬರಲು ಸಂಕೋಚವಾಗುತ್ತಿರುವುದರಿಂದ.

ಶಾಂತವ್ವ ಸವದತ್ತಿಯಲ್ಲಿ ಖಾನಾವಳಿ ನಡೆಸುತ್ತಾರೆ. ತವರು ಸಿರಸಂಗಿ. ವಯಸ್ಸು ಐವತ್ತೆರಡು. ದೇವಿಯ ಗುಡ್ಡಕ್ಕೆ ಬಂದುಹೋಗುವವರು, ಕಚೇರಿಯ ಮಂದಿ, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅವರ ರೊಟ್ಟಿ ಉಂಡವರೇ. ಎರಡು ವರ್ಷದ ಹಿಂದೆ ನಾನು ಊಟಕ್ಕೆ ಕೂತಿದ್ದಾಗ ಝುಣಕ ಬಡಿಸುತ್ತ, "ಹಾಡ ಕಲಿಯಾಕ ವಯಸ್ಸಿನ ಲೆಕ್ಕ ಐತೇನ್ರಿ?" ಎಂದು ಕೇಳಿದರು. ಸಣ್ಣವರಿದ್ದಾಗ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು ಇವರನ್ನು ಹಿಂದಿನ ಸಾಲಿಗೆ ಕಳಿಸಿ, "ನೀ ಬರೇ ತುಟಿ ಆಡಿಸು, ದನಿ ತಗೀಬ್ಯಾಡ" ಎಂದಿದ್ದರಂತೆ. ಅಂದಿನಿಂದ ಮದುವೆ ಮುಂಜಿಗಳಲ್ಲಿ ಸೋಬಾನೆ ಹಾಡುವಾಗಲೂ ಇವರು ತುಟಿ ಮಾತ್ರ ಆಡಿಸಿದ್ದಾರೆ. ನಲವತ್ತು ವರ್ಷ! ಅವರದು ದಪ್ಪ, ಆಳದ ದನಿ. ಆ ಮಾಸ್ತರರು ಎಳೆಯ ಹುಡುಗಿಯರ ಏರುದನಿಗೆ ಹೊಂದಿಸಲು ಹೋಗಿ ಸೋತಿದ್ದರು, ಅಷ್ಟೇ. ಮೊದಲ ದಿನವೇ ನಾನು ಪೇಟಿಯ ಮೂರನೆಯ ಕರಿ ಪಟ್ಟಿ ಒತ್ತಿ, "ಇಲ್ಲಿ ಸಾ ಅನ್ರಿ" ಎಂದೆ. ಅವರು ಅಂದರು. ಒಲೆಯ ಮುಂದಿದ್ದ ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಬೇಸರಪಟ್ಟುಕೊಳ್ಳಬೇಡಿ. ನಮ್ಮ ಸಂಗೀತದಲ್ಲಿ ಸಾ ಎನ್ನುವುದು ಇಂಥಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. ನಿಮ್ಮ ಗಂಟಲು ಎಲ್ಲಿ ನಿರಾಳವಾಗಿ ನಿಲ್ಲುತ್ತದೋ ಅದು ನಿಮ್ಮ ಸಾ. ಪೇಟಿಯ ಕರಿ ಒಂದರಲ್ಲಿ ಒಬ್ಬರದು, ಕರಿ ನಾಲ್ಕರಲ್ಲಿ ಇನ್ನೊಬ್ಬರದು. ಅಂಕಿ ಏರಿದಷ್ಟೂ ದನಿ ಏರಬೇಕು. ಹಳೆಯ ಶಾಸ್ತ್ರಕಾರರು ಷಡ್ಜವನ್ನು ನವಿಲಿನ ಕೂಗಿಗೆ ಹೋಲಿಸಿದ್ದಾರೆ. ಯಾವ ನವಿಲು ಎಂದು ಹೇಳಿಲ್ಲ. ಸವದತ್ತಿಯ ಪಕ್ಕದ ನವಿಲುತೀರ್ಥದಲ್ಲಿ ನಾನು ಕೇಳಿದ ಎರಡು ನವಿಲುಗಳೂ ಒಂದೇ ಪಟ್ಟಿಯಲ್ಲಿ ಕೂಗಲಿಲ್ಲ. ಹಾಗಾಗಿ ಗುರುವಾದವನ ಮೊದಲ ಕೆಲಸ ಶಿಷ್ಯನ ಸಾ ಹುಡುಕಿಕೊಡುವುದು. ನಾನು ಹುಡುಕಿದ ಮೇಲೆ ಡಾಕ್ಟರು ಗಾಯಕ್ಕೆ ಅಂಟಿಸುವ ಬಿಳಿ ಟೇಪಿನ ತುಣುಕಿನಲ್ಲಿ ಹೆಸರು ಬರೆದು ಪೇಟಿಯ ಆ ಪಟ್ಟಿಗೆ ಅಂಟಿಸಿಬಿಡುತ್ತಿದ್ದೆ. ನೋಡಿದವರು ಪೇಟಿಗೆ ಗಾಯವಾಗಿದೆ ಎಂದುಕೊಳ್ಳುತ್ತಿದ್ದರು. ಆಮೇಲೆ ತುಣುಕು ನೋಡುವ ಅಗತ್ಯವೂ ಇರುತ್ತಿರಲಿಲ್ಲ. ಯಾರ ಮನೆಗೆ ಹೋದರೆ ಯಾವ ಪಟ್ಟಿ ಎಂಬುದು ಬೆರಳಿಗೇ ಗೊತ್ತಿರುತ್ತಿತ್ತು.

ಟ್ಯಾಬಿನ ತಂಬೂರಿಗೆ ಗೊತ್ತಿರುವುದು ಒಂದೇ, ನಿನ್ನೆ ಎಲ್ಲಿ ನಿಲ್ಲಿಸಿದ್ದೆವು ಎನ್ನುವುದು. ಹೊಸತರಲ್ಲಿ ನಾನು ಒಬ್ಬೊಬ್ಬರಿಗೂ ನೆನಪಿಟ್ಟು ಬದಲಿಸುತ್ತಿದ್ದೆ. ಬರಬರುತ್ತ ಒತ್ತಿದರೆ ಸಾಕು ಎನ್ನುವ ಸಲಿಗೆ ಬಂತು. ಬುಧವಾರ ಕಿತ್ತೂರಿನ ಮಕ್ಕಳಿಗೆ ಕರಿ ನಾಲ್ಕು. ಗುರುವಾರ ಸವದತ್ತಿಯಲ್ಲಿ ಮೊದಲ ಪಾಠ ಶಾಂತವ್ವನವರದು. ಬಸ್ಸಿಳಿದು ಬಂದು, ಚೀಲದಿಂದ ಟ್ಯಾಬು ತೆಗೆದು, ಒತ್ತಿ, ಮಳೆ ನೋಡಲು ಶುರು ಮಾಡುತ್ತಿದ್ದೆ. ಶಾಂತವ್ವನವರು ಮಕ್ಕಳ ಪಟ್ಟಿಯಲ್ಲಿ ಸಾ ಹಿಡಿಯಲು ಹೆಣಗುತ್ತಿದ್ದರು. ಒಂದಲ್ಲ, ಎರಡಲ್ಲ, ಆರು ಗುರುವಾರ.

ನಾನು ಬೈದದ್ದನ್ನೂ ಹೇಳಿಬಿಡುತ್ತೇನೆ. "ಏನ್ರಿ ಶಾಂತವ್ವಾರ, ಮ್ಯಾಲಿನ ಸಾ ಮುಟ್ಟವಲ್ಲದು. ಮನಿಯಾಗ ರಿಯಾಜ ಮಾಡತೀರೋ ಇಲ್ಲೋ?" ಎಂದೆ. "ಮಾಡತೇನ್ರಿ ಗುರುಗಳ" ಎಂದರು ತಲೆ ತಗ್ಗಿಸಿ. ನಿಜಕ್ಕೂ ಮಾಡುತ್ತಿದ್ದರು. ದಿನಾ ಹಿಟ್ಟು ನಾದುವ ಮೊದಲು ಒಂದು ತಾಸು, ನಾನೇ ಟ್ಯಾಬಿನಿಂದ ಅವರ ಫೋನಿಗೆ ಕಳಿಸಿದ ತಂಬೂರಿಯ ಜೊತೆಗೆ. ಅದೂ ಕರಿ ನಾಲ್ಕರದೇ.

ಏಳನೆಯ ಬುಧವಾರ ಕಿತ್ತೂರಿನ ಬಸ್ಸಿನಲ್ಲಿದ್ದಾಗ ಅವರ ದನಿಯ ಸಂದೇಶ ಬಂತು. ಒತ್ತಿದೆ. ಮೊದಲು ಏನೂ ಕೇಳಲಿಲ್ಲ, ಬಸ್ಸಿನ ಗದ್ದಲ ಎಂದುಕೊಂಡು ಕಿವಿಗೆ ಹಿಡಿದೆ. ಜೋಳದ ಸೊಪ್ಪೆ ಉಜ್ಜಿದಂಥ ದನಿ. "ಗುರುಗಳ, ಗಂಟ್ಲ ಪೂರಾ ಹೋಗೇತ್ರಿ. ನಾಳೆ ಬರಬ್ಯಾಡ್ರಿ. ಮುಂದೂ ಬ್ಯಾಡ್ರಿ. ಆ ಸಾಲಿ ಮಾಸ್ತರ ಹೇಳಿದ್ದ ಖರೇ ಇತ್ತ ಬಿಡ್ರಿ."

ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಛೇ, ಒಳ್ಳೆಯ ಶಿಷ್ಯೆ ಹೋದರಲ್ಲ, ಒಲೆಯ ಹೊಗೆ ಇರಬೇಕು ಎಂದುಕೊಂಡೆ. ಹೊಳೆದದ್ದು ಶುಕ್ರವಾರ. ಬಳಸದ ಪೇಟಿಯನ್ನು ರಾಮದುರ್ಗದ ಶಿಷ್ಯನೊಬ್ಬನಿಗೆ ಕೊಟ್ಟುಬಿಡೋಣ ಎಂದು ಧೂಳು ಒರೆಸಲು ತೆಗೆದಿದ್ದೆ. ಕರಿ ಮೂರರ ಮೇಲೆ ಟೇಪಿನ ತುಣುಕು, ನನ್ನದೇ ಅಕ್ಷರದಲ್ಲಿ 'ಶಾಂತ' ಎಂದಿತ್ತು. ಒತ್ತಿದೆ. ಪಕ್ಕದಲ್ಲಿ ಟ್ಯಾಬು ಚಾಲೂ ಇತ್ತು. ಶಾಂತವ್ವನವರಿಗೆ ಕಳಿಸಿದ್ದ ತಂಬೂರಿಯನ್ನು ಹಚ್ಚಿದೆ. ಎರಡೂ ಎದುರುಬದುರು ನಿಂತು ಜಗಳಾಡಿದವು. ಆ ಸಾಲಿ ಮಾಸ್ತರರು ಅವರ ದನಿಯನ್ನು ಮುಚ್ಚಿಟ್ಟಿದ್ದರು. ಹೊರಗೆ ತೆಗೆಸಿ ಮುರಿದವನು ನಾನು.

ಅಂದಿನ ಪಾಠಗಳಿಗೆಲ್ಲ ಬರಬೇಡಿ ಎಂದು ಹೇಳಿ ಕಳಿಸಿದೆ. ಪೇಟಿ ಹೆಗಲಿಗೇರಿಸಿದೆ. ನಮ್ಮ ಮನೆಯಾಕೆ ಬಾಗಿಲಿಗೆ ಅಡ್ಡ ನಿಂತು, "ನಡ ನೆನಪೈತೇನ್ರಿ?" ಎಂದಳು. "ಐತಿ, ಆ ಕಡೆ ಸರಿ" ಎಂದೆ. ಇಬ್ಬರಿಗೂ ನಾಚಿಕೆಯಾಯಿತು, ಯಾಕೆಂದರೆ ನಾನು ಅವಳೊಂದಿಗೆ ಹಾಗೆ ಮಾತಾಡುವವನಲ್ಲ. ಬಸ್ಸಿನಲ್ಲಿ ಸೀಟಿತ್ತು, ಕೂರಲಾಗಲಿಲ್ಲ. ತಪ್ಪೊಪ್ಪಿಕೊಳ್ಳುವುದನ್ನು ಹೇಗೆ ಶುರು ಮಾಡುವುದು ಎಂದು ಬಾಯಿಪಾಠ ಮಾಡುತ್ತಿದ್ದೆ. ಗುರುವಾದವನು ಶಿಷ್ಯರ ಮುಂದೆ ತಪ್ಪಾಯಿತು ಎನ್ನುವ ರೂಢಿ ನಮ್ಮಲ್ಲಿಲ್ಲ. ಗುರುವಿನ ಹೆಸರು ಹೇಳುವಾಗ ಕಿವಿ ಹಿಡಿದುಕೊಳ್ಳುವ ಮಂದಿ ನಾವು. ಆ ಕಿವಿಯನ್ನು ಗುರುವೇ ಹಿಡಿದುಕೊಳ್ಳಬೇಕಾದರೆ ಹೇಗೆ?

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಇಳಿದಿತ್ತು. ಹಿಂದಿನ ಕೋಣೆಯಲ್ಲಿ ಪೇಟಿ ಇಟ್ಟು, "ಶಾಂತವ್ವಾರ, ತಪ್ಪ ನಿಮ್ಮ ಗಂಟ್ಲದ್ದಲ್ಲರಿ, ನಂದು. ನಿಮ್ಮದಲ್ಲದ ಪಟ್ಟಿಯೊಳಗ ನಾನ ಹಾಡಿಸೇನಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಹಿಟ್ಟಿನ ಕೈ ಒರೆಸಿಕೊಂಡು ಪಿಸುಗುಟ್ಟಿದರು. "ಏರಿಸೀರಿ ಅಂತ ನನಗ ಮೊದಲನೇ ವಾರನ ಗೊತ್ತಾಗಿತ್ರೀ ಗುರುಗಳ."

"ಮತ್ಯಾಕ ಹೇಳಲಿಲ್ಲರಿ?"

"ಗುರುಗಳು ಏರಿಸ್ಯಾರಂದ್ರ ಏನೋ ವಿಚಾರ ಇರಬೇಕು ಅಂದ್ಕೊಂಡೆ. ನಿಮಗ ತಪ್ಪೈತಿ ಅಂತ ಹ್ಯಾಂಗ ಅನ್ನಲಿರಿ?"

ಮೊದಲನೇ ವಾರವೇ! ಮೂವತ್ತು ವರ್ಷ ಕಲಿಸಿದ ನನ್ನ ಕಿವಿ ಮಳೆ ನೋಡುತ್ತಿದ್ದಾಗ, ಎರಡು ವರ್ಷ ಕಲಿತ ಅವರ ಕಿವಿ ಸರಿಯಾದ ಜಾಗದಲ್ಲಿ ಕೂತಿತ್ತು. ಅಳು ಬಂತು. ಅದನ್ನು ಒಲೆಯ ಹೊಗೆಯ ಮೇಲೆ ಹಾಕಿದೆ.

ಕರೆದುಕೊಂಡು ಹೋಗಿ ತೋರಿಸಿದಾಗ ಧಾರವಾಡದ ಗಂಟಲ ಡಾಕ್ಟರು ಶಾಂತವ್ವನವರಿಗೆ ಒಂದು ತಿಂಗಳು ಹಾಡು ಬೇಡ, ಮಾತೂ ಬೇಡ ಎಂದರು. ದನಿ ಮೊದಲಿನಂತಾಗುತ್ತದೆಯೇ ಎಂದು ಕೇಳಿದೆ. "ಆದೀತು" ಎಂದರು. ಆಗುತ್ತದೆ ಎನ್ನುವುದಕ್ಕೂ ಆದೀತು ಎನ್ನುವುದಕ್ಕೂ ಇರುವ ದೂರವನ್ನು ಆ ತಿಂಗಳು ಪೂರ್ತಿ ನಾನು ಬಸ್ಸಿನಲ್ಲಿ ಅಳೆದೆ. ಕಿತ್ತೂರಿನ ಮಕ್ಕಳು ಸಾ ಎಂದರೆ ಬೆಚ್ಚಿ ಬೀಳುತ್ತಿದ್ದೆ. ಸರಿ ಐತೇನ್ರೋ, ಬಿಗಿಯಾತೇನು, ಎಂದು ಹತ್ತು ಸಲ ಕೇಳುತ್ತಿದ್ದೆ. ಅವು ಮುಸಿಮುಸಿ ನಗುತ್ತಿದ್ದವು.

ಗುರುವಾರಗಳನ್ನು ಮಾತ್ರ ಬಿಡಲಿಲ್ಲ. ಪಾಠವಿಲ್ಲದಿದ್ದರೂ ಹೋಗಿ ಕೂರುತ್ತಿದ್ದೆ. ಶಾಂತವ್ವನವರು ಖಾನಾವಳಿಯನ್ನು ಕೈಸನ್ನೆಯಲ್ಲೇ ನಡೆಸುತ್ತಿದ್ದರು. ಎರಡು ಬೆರಳೆಂದರೆ ಎರಡು ರೊಟ್ಟಿ. ಅಂಗೈ ಎತ್ತಿದರೆ ತಡೀರಿ. ಒಂದು ಗುರುವಾರ ಆ ಮೌನ ತಡೆಯಲಾಗದೆ ನಾನೇ ಹಾಡತೊಡಗಿದೆ. ಕರಿ ಎರಡರಲ್ಲಿ, ಹರೆಯದಿಂದಲೂ ನನ್ನದೆಂದು ನಾನು ಹೇಳಿಕೊಂಡು ಬಂದ ಪಟ್ಟಿಯಲ್ಲಿ. ಮೇಲಿನ ಸಾ ಹತ್ತಿರ ಬರುವಾಗ ಶಾಂತವ್ವನವರು ಎದುರು ಕೂತು ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಬಡಿದರು, ರೊಟ್ಟಿ ಬಡಿದ ಹಾಗೆ. ಏನೆಂದು ಹುಬ್ಬೇರಿಸಿದೆ. ನನ್ನ ಕುತ್ತಿಗೆಯ ನರ ತೋರಿಸಿದರು, ನಡಕ್ಕೆ ಕೊಟ್ಟುಕೊಂಡಿದ್ದ ಕೈ ತೋರಿಸಿದರು, ಮತ್ತೆ ಅಂಗೈ ಕೆಳಕ್ಕೆ ಬಡಿದರು.

ಸಿಟ್ಟು ಬಂತು. ಐವತ್ತೆಂಟಾದರೂ ಕರಿ ಎರಡು ಬಿಟ್ಟಿಲ್ಲ ಎಂದು ನಾಲ್ಕು ಊರಲ್ಲಿ ಹೇಳಿಕೊಂಡು ತಿರುಗುವವನು ನಾನು. ಆದರೆ ಹಿಂದಿನ ಸಲ ಅವರು ಹೇಳದೆ ಬಿಟ್ಟದ್ದರಿಂದ ಆದದ್ದು ನೆನಪಾಯಿತು. ಕರಿ ಒಂದಕ್ಕೆ ಇಳಿಸಿದೆ. ಅವರ ಅಂಗೈ ನಿಲ್ಲಲಿಲ್ಲ. ಬಿಳಿ ಒಂದಕ್ಕೆ ಇಳಿಸಿದೆ. ಅಂಗೈ ನಿಂತಿತು. ಸಾ ಎಂದೆ. ಹೊಟ್ಟೆಯಿಂದ ಬಂತು, ಬಂದದ್ದು ಅಲ್ಲೇ ಕೂತಿತು. ಎಷ್ಟು ಹೊತ್ತು ಹಿಡಿದೆನೋ ಗೊತ್ತಿಲ್ಲ. ಆ ದಿನ ಒಂದು ಬಸ್ಸು ತಪ್ಪಿತು, ತಪ್ಪಿದ್ದು ಆಮೇಲೆ ತಿಳಿಯಿತು.

ಟ್ಯಾಬನ್ನೇನೂ ನಾನು ಬಿಟ್ಟಿಲ್ಲ. ನಡ ಬಿಡಬೇಕಲ್ಲ! ಅದರ ಬೆನ್ನ ತುಂಬ ಈಗ ಟೇಪಿನ ತುಣುಕುಗಳಿವೆ, ಹೆಸರು ಮತ್ತು ಪಟ್ಟಿ. ಕೊನೆಯ ತುಣುಕು ನನ್ನದು, ಬಿಳಿ ಒಂದು. ಅಂಗಿಗೆ ಗೋಡೆಯಲ್ಲಿ ಮೊಳೆ ಹೊಡೆದದ್ದಾಗಿದೆ, ಆದರೂ ಮರೆವಿನಲ್ಲಿ ಕೈ ಇನ್ನೂ ತಂಬೂರಿಯ ಕಡೆಗೇ ಹೋಗುತ್ತದೆ.

ತಿಂಗಳು ಕಳೆದ ಮೇಲಿನ ಗುರುವಾರ ಟ್ಯಾಬು ಮುಂದಿಟ್ಟುಕೊಂಡು, ಒತ್ತದೆ, "ಎಲ್ಲಿ ಹಚ್ಚಲಿರಿ?" ಎಂದು ಕೇಳಿದೆ. ಶಿಷ್ಯೆಯನ್ನು ಹಾಗೆ ಕೇಳಿದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು.

ಶಾಂತವ್ವನವರು ಗಂಟಲು ಸರಿಮಾಡಿಕೊಂಡು, "ಮೂರು ಇನ್ನೂ ಬಿಗಿ ಆಕ್ಕೈತ್ರಿ, ಕರಿ ಎರಡು ಹಚ್ರಿ" ಎಂದರು.

"ಅದು ನನ್ನ ಪಟ್ಟಿ ಆಗಿತ್ತಲ್ಲರಿ!"

"ನೀವು ಇಳದೀರಲ್ಲರಿ. ಸೀಟ ಖಾಲಿ ಐತಿ. ಸದ್ಯಕ್ಕ ನಾ ಕುಂಡರತೇನಿ."

ಹಚ್ಚಿದೆ. ಅವರು ಕಣ್ಣು ಮುಚ್ಚಿ ಸಾ ಹಿಡಿದರು. ಅಂಚು ಸ್ವಲ್ಪ ಸವೆದಿತ್ತು, ನಡುವೆ ಒಮ್ಮೆ ಬಿರಿಯಿತು, ಮತ್ತೆ ಕೂಡಿಕೊಂಡಿತು. ಅಷ್ಟರಲ್ಲಿ ಹೊರಗಿನಿಂದ ಯಾರೋ, "ಅವ್ವಾರ, ರೊಟ್ಟಿ ಬರ್ಲಿರಿ, ಬಸ್ಸಿನ ಟೈಮ್ ಆತು!" ಎಂದು ಕೂಗಿದರು. ಅದೇನು ಅಭ್ಯಾಸವೋ, ನಾನು ಎದ್ದೇ ಬಿಟ್ಟಿದ್ದೆ. ಶಾಂತವ್ವನವರು ಕಣ್ಣು ತೆರೆಯದೆ ನನಗೂ ಹೊರಗಿನವರಿಗೂ ಸೇರಿಸಿ ಒಂದೇ ಅಂಗೈ ಎತ್ತಿದರು, ಸಾ ಬಿಡಲಿಲ್ಲ. ನಾನು ಕೂತೆ.